ಸೂಪರ್ ಬೌಲ್ ಗೆಲ್ಲಿಸೋದು ಡಿಫೆನ್ಸಾ, ಕ್ವಾರ್ಟರ್‌ಬ್ಯಾಕಾ? ಭಾನುವಾರದ ಜಗಳ ಇಲ್ಲಿ ಮುಂದುವರಿಸೋಣ

ಫ್ರೀಮಾಂಟ್_ಫಿಲ್ಟರ್‌ಕಾಫಿ:
2025ರ ಫೆಬ್ರವರಿ 9, ಭಾನುವಾರ ಮಧ್ಯಾಹ್ನ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಫೈನಲ್ ನೋಡಲು ನಮ್ಮ ಮನೆಯಲ್ಲಿ ಹದಿನಾಲ್ಕು ಜನ ಸೇರಿದ್ದೆವು. ಮಿರ್ಚಿ ಬಜ್ಜಿ ಇತ್ತು, ಚಿತ್ರಾನ್ನ ಇತ್ತು, ಚಿಕನ್ ವಿಂಗ್ಸ್ ಇತ್ತು. ಆಟ ಮಾತ್ರ ಇರಲಿಲ್ಲ. ಅರ್ಧ ಆಟ ಮುಗಿದಾಗ ಈಗಲ್ಸ್ 24, ಚೀಫ್ಸ್ 0. ಸಾಲಾಗಿ ಮೂರನೇ ಸಲ ಗೆಲ್ಲಲು ಬಂದಿದ್ದ ಪ್ಯಾಟ್ರಿಕ್ ಮಹೋಮ್ಸ್‌ನ ಚೀಫ್ಸ್ ತಂಡ ಮೊದಲರ್ಧದಲ್ಲಿ ಮುಂದೆ ಹೋಗಿದ್ದು ಒಟ್ಟು 23 ಯಾರ್ಡ್. ನಮ್ಮ ಮನೆ ಮುಂದಿನ ರಸ್ತೆಯಿಂದ ಹಿತ್ತಲ ಬೇಲಿಗೆ ನಡೆದರೆ ಅಷ್ಟಾಗುತ್ತದೆ. ಕೊನೆಗೆ 40-22. ಆ 22ರಲ್ಲೂ ಮುಕ್ಕಾಲು ಪಾಲು ಆಟ ಮುಗಿದ ಮೇಲೆ ಸಿಕ್ಕ ಭಿಕ್ಷೆ. ಒಂದು ಹಂತದಲ್ಲಿ 34-0 ಇತ್ತು.

ನಾನು ಅಂದೆ, ನೋಡಿ, ಇಷ್ಟೇ ವಿಷಯ. ಜಗತ್ತಿನ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಮುಖ್ಯ ಆಟಗಾರ) ಆದರೂ ಕೆಳಗೆ ಬಿದ್ದಿದ್ದರೆ ಏನು ಮಾಡುತ್ತಾನೆ? ಆರು ಸಲ ಸ್ಯಾಕ್ ಆದ, ಅಂದರೆ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವಿದರು. ಎರಡು ಇಂಟರ್‌ಸೆಪ್ಷನ್ ಕೊಟ್ಟ, ಎಸೆದ ಚೆಂಡು ಎದುರಿನವರ ಕೈ ಸೇರಿತು. ಅದರಲ್ಲಿ ಒಂದನ್ನು ಈಗಲ್ಸ್‌ನ ಕೂಪರ್ ಡಿಜೀನ್ ನೇರವಾಗಿ ಓಡಿಸಿಕೊಂಡು ಹೋಗಿ ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಮಾಡಿದ. ಆವತ್ತು ಆ ಹುಡುಗನ 22ನೇ ಹುಟ್ಟುಹಬ್ಬ ಬೇರೆ. ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಇನ್ನೊಂದು. ಈಗಲ್ಸ್ ಡಿಫೆನ್ಸ್ ಕೋಚ್ ವಿಕ್ ಫ್ಯಾಂಜಿಯೊ ಇಡೀ ಆಟದಲ್ಲಿ ಒಂದು ಸಲವೂ ಬ್ಲಿಟ್ಜ್ ಮಾಡಿಸಲಿಲ್ಲ. ಒಂದು ಸಲವೂ! ನಾಲ್ಕೇ ಜನ ನುಗ್ಗಿದರು, ಅಷ್ಟೇ ಸಾಕಾಯಿತು.

ಇಷ್ಟು ಹೇಳಿದ್ದಕ್ಕೆ ನಮ್ಮ ಮನೆಯಲ್ಲಿ ಇಬ್ಬರು ಸಿಟ್ಟು ಮಾಡಿಕೊಂಡು ಬಜ್ಜಿ ತಟ್ಟೆ ಸಮೇತ ಇನ್ನೊಂದು ರೂಮಿಗೆ ಹೋದರು. ಅದರಲ್ಲಿ ಒಬ್ಬ ಇಲ್ಲೂ ಇದ್ದಾನೆ. ಬಾಪ್ಪಾ, ಇಲ್ಲಿ ಮಾತಾಡು.

ಗೋಲಿಸೋಡಾ:
ಬಂದೆ ಅಣ್ಣಾ. ಬಜ್ಜಿ ತಗೊಂಡು ಹೋಗಿದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ಒಂದು ಆಟ ನೋಡಿ ಸಿದ್ಧಾಂತ ಕಟ್ಟಬೇಡಿ. ಎರಡು ವರ್ಷ ಹಿಂದೆ ಇದೇ ಈಗಲ್ಸ್, ಇದೇ ಚೀಫ್ಸ್, ಇದೇ ಸೂಪರ್ ಬೌಲ್. ಆ ಸೀಸನ್‌ನಲ್ಲಿ ಈಗಲ್ಸ್ ಡಿಫೆನ್ಸ್ 70 ಸ್ಯಾಕ್ ಮಾಡಿತ್ತು. ಎಲ್ಲರೂ ಅಂದರು, ಕಾಲು ಉಳುಕಿದ ಮಹೋಮ್ಸ್‌ನನ್ನು ಪುಡಿ ಮಾಡುತ್ತಾರೆ ಅಂತ. ಆವತ್ತು ಎಷ್ಟು ಸ್ಯಾಕ್ ಆಯಿತು? ಸೊನ್ನೆ. ಚೀಫ್ಸ್ 38, ಈಗಲ್ಸ್ 35. ಅವತ್ತು ನೀವು ಈ ಪ್ರಶ್ನೆ ಕೇಳಿರಲಿಲ್ಲ ಅಲ್ವಾ?

ಇನ್ನೊಂದು ಲೆಕ್ಕ. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಮೊದಲ ಸಲ ಗೆದ್ದಿದ್ದು 2002ರ ಫೆಬ್ರವರಿಯಲ್ಲಿ. ಅಲ್ಲಿಂದ ಈ ಭಾನುವಾರದವರೆಗೆ 24 ಸೂಪರ್ ಬೌಲ್ ಆಗಿವೆ. ಬ್ರೇಡಿ 7, ಮಹೋಮ್ಸ್ 3. ಇಬ್ಬರೇ ಸೇರಿ ಹತ್ತು! ಇನ್ನು ಪೇಟನ್ ಮ್ಯಾನಿಂಗ್, ಈಲೈ ಮ್ಯಾನಿಂಗ್, ಬೆನ್ ರಾತ್ಲಿಸ್‌ಬರ್ಗರ್ ತಲಾ ಎರಡೆರಡು. ಈ 24 ವರ್ಷದಲ್ಲಿ ಬ್ರೇಡಿ ಜೊತೆ ಆಡಿದ ಡಿಫೆನ್ಸ್ ಆಟಗಾರರು ನೂರಾರು ಜನ ಬಂದರು, ಹೋದರು. ಬದಲಾಗದೆ ಉಳಿದಿದ್ದು ಯಾರು?

ಐದುಗಂಟೆ_ಅಲಾರಂ:
ನಮಸ್ಕಾರ. ನಾನು ಮೈಸೂರಿನಿಂದ. ಮಗ ಅಲ್ಲಿ ಓದುತ್ತಿದ್ದಾನೆ, ಅವನ ಜೊತೆ ಮಾತಾಡಲು ಒಂದು ವಿಷಯ ಇರಲಿ ಅಂತ ಹೋದ ವರ್ಷದಿಂದ ಈ ಆಟ ನೋಡಲು ಶುರು ಮಾಡಿದೆ. ಸೋಮವಾರ ಬೆಳಗ್ಗೆ ಐದಕ್ಕೆ ಎದ್ದು ನೋಡಿದೆ. ಹಾಲಿನವನು ಬರುವ ಹೊತ್ತಿಗೆ ಆಟದ ಗತಿ ಗೊತ್ತಾಗಿ ಹೋಗಿತ್ತು.

ದಡ್ಡ ಪ್ರಶ್ನೆ ಅನ್ನಬೇಡಿ. ಮಹೋಮ್ಸ್ ಅಷ್ಟು ದೊಡ್ಡ ಆಟಗಾರ ಆದರೆ ಎದುರಿನವರು ಅಂಕ ಗಳಿಸುವಾಗ ತಡೆಯಲು ಅವನು ಯಾಕೆ ಬರುವುದಿಲ್ಲ? ಪಕ್ಕದಲ್ಲಿ ಬೆಂಚ್ ಮೇಲೆ ಕೂತಿರುತ್ತಾನೆ. ಮತ್ತೆ ಬ್ಲಿಟ್ಜ್ ಮಾಡದೆ ಇರುವುದು ಯಾಕೆ ಅಷ್ಟು ದೊಡ್ಡ ವಿಷಯ?

ಫ್ರೀಮಾಂಟ್_ಫಿಲ್ಟರ್‌ಕಾಫಿ:
ದಡ್ಡ ಪ್ರಶ್ನೆ ಅಲ್ಲ ಸಾರ್. ಇಡೀ ಜಗಳ ಇರುವುದೇ ಅಲ್ಲಿ.

ಇದರಲ್ಲಿ ಒಂದು ತಂಡ ಅಂದರೆ ನಿಜವಾಗಿ ಎರಡು ತಂಡ. ಚೆಂಡು ನಮ್ಮ ಹತ್ತಿರ ಇದ್ದಾಗ ಹನ್ನೊಂದು ಜನ ಇಳಿಯುತ್ತಾರೆ, ಅದು ಆಫೆನ್ಸ್. ಚೆಂಡು ಎದುರಿನವರ ಹತ್ತಿರ ಹೋದರೆ ಆ ಹನ್ನೊಂದೂ ಜನ ಹೊರಗೆ, ಬೇರೆ ಹನ್ನೊಂದು ಜನ ಒಳಗೆ. ಕ್ವಾರ್ಟರ್‌ಬ್ಯಾಕ್ ಆಫೆನ್ಸಿನ ಯಜಮಾನ. ಹೆಚ್ಚುಕಡಿಮೆ ಪ್ರತಿ ಸಲ ಚೆಂಡು ಮೊದಲು ಬರುವುದು ಅವನ ಕೈಗೆ. ಎಸೆಯಬೇಕೋ, ಓಡುವವನ ಕೈಗೆ ಕೊಡಬೇಕೋ, ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಆಗಬೇಕು. ಅದಕ್ಕೇ ಅವನ ಸಂಬಳ ಎಲ್ಲರಿಗಿಂತ ಜಾಸ್ತಿ, ಜಾಹೀರಾತಿನಲ್ಲಿ ಮುಖವೂ ಅವನದೇ.

ಅವನನ್ನು ಕಾಯಲು ಮುಂದೆ ಐದು ಜನ ದೈತ್ಯರು ನಿಲ್ಲುತ್ತಾರೆ. ಸಾಮಾನ್ಯವಾಗಿ ಡಿಫೆನ್ಸಿನಿಂದ ನಾಲ್ಕು ಜನ ನುಗ್ಗುತ್ತಾರೆ, ಉಳಿದ ಏಳು ಜನ ಹಿಂದೆ ನಿಂತು ಚೆಂಡು ಹಿಡಿಯುವವರನ್ನು ಕಾಯುತ್ತಾರೆ. ನಾಲ್ಕು ಜನರಿಂದ ಆಗದಿದ್ದರೆ ಐದು, ಆರು ಜನರನ್ನು ನುಗ್ಗಿಸುತ್ತಾರೆ. ಅದೇ ಬ್ಲಿಟ್ಜ್. ಆದರೆ ಹಿಂದಿನಿಂದ ಒಬ್ಬನನ್ನು ಕಳಿಸಿದರೆ ಅಲ್ಲೊಂದು ಕಿಂಡಿ ಬೀಳುತ್ತದೆ. ಮಹೋಮ್ಸ್ ಥರದವನಿಗೆ ಅಷ್ಟು ಕಿಂಡಿ ಸಾಕು. ಫ್ಯಾಂಜಿಯೊ ಕಿಂಡಿ ಬಿಡಲೇ ಇಲ್ಲ. ನಾಲ್ಕು ಜನ ಐದು ಜನರನ್ನು ದಾಟಿಬಿಟ್ಟರು, ಏಳು ಜನ ಹಿಂದೆ ಗೋಡೆ ಥರ ನಿಂತರು.

ಬಜ್ಪೆ_ಟು_ಬಫಲೋ:
ನನ್ನ ಹತ್ತಿರ ಡಿಫೆನ್ಸ್ ವಿಷಯ ಮಾತಾಡಬೇಡಿ ಮಾರಾಯ್ರೆ. ಹೊಟ್ಟೆ ಉರಿಯುತ್ತದೆ.

2021ರ ಸೀಸನ್. ನಮ್ಮ ಬಿಲ್ಸ್ ತಂಡದ ಡಿಫೆನ್ಸ್ ಇಡೀ ಲೀಗಿನಲ್ಲಿ ಒಂದನೇ ನಂಬರ್. ಅಂಕ ಕೊಡುವುದರಲ್ಲೂ ಎಲ್ಲರಿಗಿಂತ ಕಡಿಮೆ, ಯಾರ್ಡ್ ಕೊಡುವುದರಲ್ಲೂ ಕಡಿಮೆ. 2022ರ ಜನವರಿ 23, ಕ್ಯಾನ್ಸಸ್ ಸಿಟಿಯಲ್ಲಿ ಪ್ಲೇಆಫ್ ಆಟ. ನಮ್ಮ ಜಾಶ್ ಆಲನ್ ಟಚ್‌ಡೌನ್ ಎಸೆದು 36-33 ಮಾಡಿದ. ಉಳಿದಿದ್ದು 13 ಸೆಕೆಂಡ್. ಹದಿಮೂರು! ನಾನು ಎದ್ದು ಹೆಂಡತಿಗೆ ಫೋನ್ ಮಾಡಿ ಗೆದ್ದೆವು ಅಂತ ಹೇಳಿಯೂ ಆಗಿತ್ತು.

ಮಹೋಮ್ಸ್ ಒಂದು ಚೆಂಡು ಎಸೆದ, 19 ಯಾರ್ಡ್. ಇನ್ನೊಂದು ಎಸೆದ, 25 ಯಾರ್ಡ್. ಚೆಂಡನ್ನು ಕಂಬಗಳ ನಡುವೆ ಒದ್ದು (ಫೀಲ್ಡ್ ಗೋಲ್) ಮೂರು ಅಂಕ ಪಡೆದರು, ಸಮ ಆಯಿತು. ಹೆಚ್ಚುವರಿ ಸಮಯಕ್ಕೆ ಟಾಸ್ ಹಾಕಿದರು, ಅವರು ಗೆದ್ದರು, ಟಚ್‌ಡೌನ್ ಮಾಡಿದರು, ಮುಗಿಯಿತು. 42-36. ಜಾಶ್ ಆಲನ್‌ಗೆ ಚೆಂಡು ಮುಟ್ಟುವ ಅವಕಾಶವೇ ಸಿಗಲಿಲ್ಲ. ಆಮೇಲೆ ಲೀಗಿನವರು ಪ್ಲೇಆಫಿನ ನಿಯಮವನ್ನೇ ಬದಲಾಯಿಸಿದರು, ಎರಡೂ ತಂಡಕ್ಕೆ ಒಂದೊಂದು ಸಲ ಚೆಂಡು ಸಿಗಬೇಕು ಅಂತ. ನಮಗೆ ಏನು ಪ್ರಯೋಜನ?

ಒಂದನೇ ನಂಬರ್ ಡಿಫೆನ್ಸ್ ಇಟ್ಟುಕೊಂಡು 13 ಸೆಕೆಂಡ್ ಕಾಯಲು ಆಗಲಿಲ್ಲ. ಅದಕ್ಕೇ ನನ್ನ ಓಟು ಕ್ವಾರ್ಟರ್‌ಬ್ಯಾಕಿಗೆ. ಪ್ರೀತಿಯಿಂದ ಅಲ್ಲ, ಹೆದರಿಕೆಯಿಂದ.

ಸೋನೆಮಳೆ_ಸಿಯಾಟಲ್:
ಈ ವೇದಿಕೆಯಲ್ಲಿ ಲೀಜನ್ ಆಫ್ ಬೂಮ್ ಹೆಸರು, ನಮ್ಮ ಸಿಯಾಟಲ್ ಸೀಹಾಕ್ಸ್ ಡಿಫೆನ್ಸಿನ ಹಿಂದಿನ ಸಾಲಿಗಿದ್ದ ಅಡ್ಡಹೆಸರು, ಇನ್ನೂ ಯಾರೂ ಎತ್ತಿಲ್ಲ. ಹಾಗಾದರೆ ನಾನೇ ಬರಬೇಕಾಯಿತು.

2013ರ ಸೀಸನ್. ಡೆನ್ವರ್ ಬ್ರಾಂಕೋಸ್ ತಂಡದಲ್ಲಿ ಪೇಟನ್ ಮ್ಯಾನಿಂಗ್. ಆ ವರ್ಷ 55 ಟಚ್‌ಡೌನ್ ಎಸೆದ, 5,477 ಯಾರ್ಡ್. ತಂಡ ಗಳಿಸಿದ್ದು 606 ಅಂಕ. ಅಷ್ಟು ಅಂಕ ಲೀಗಿನ ಇತಿಹಾಸದಲ್ಲಿ ಅದಕ್ಕೆ ಮೊದಲು ಯಾರೂ ಗಳಿಸಿರಲಿಲ್ಲ. ಎದುರಿಗೆ ನಮ್ಮ ಸೀಹಾಕ್ಸ್. ರಿಚರ್ಡ್ ಶರ್ಮನ್, ಅರ್ಲ್ ಥಾಮಸ್, ಕ್ಯಾಮ್ ಚಾನ್ಸಲರ್. ನಮ್ಮವರು ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟವರು. ಅಂದರೆ ಒಂದನೇ ನಂಬರ್ ಆಫೆನ್ಸ್, ಒಂದನೇ ನಂಬರ್ ಡಿಫೆನ್ಸ್, ಎದುರುಬದುರು. ಈ ಚರ್ಚೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೇ?

ಮೊದಲನೇ ಚೆಂಡೇ ಮ್ಯಾನಿಂಗ್ ತಲೆ ಮೇಲೆ ಹಾರಿಹೋಯಿತು. 12 ಸೆಕೆಂಡಿನಲ್ಲಿ ನಮಗೆ 2 ಅಂಕ. ಕೊನೆಗೆ 43-8. ತಮಾಷೆ ಏನು ಗೊತ್ತಾ, ಆವತ್ತು ಮ್ಯಾನಿಂಗ್ ಎಸೆದ ಚೆಂಡುಗಳಲ್ಲಿ 34 ಅವನ ಕಡೆಯವರ ಕೈ ಸೇರಿದವು. ಅದು ಆಗಿನ ಸೂಪರ್ ಬೌಲ್ ದಾಖಲೆ! ನಮ್ಮವರು ಮುಂದೆ ಮುಂದೆ ಹಿಡಿಯಲು ಬಿಟ್ಟು, ಹಿಡಿದ ಕೂಡಲೇ ಕೆಡವಿದರು. ದಾಖಲೆ ಅವನಿಗೆ, ಕಪ್ ನಮಗೆ. ಆಟದ ಶ್ರೇಷ್ಠ ಆಟಗಾರ ಯಾರು? ಮಾಲ್ಕಮ್ ಸ್ಮಿತ್. ಲೈನ್‌ಬ್ಯಾಕರ್, ಅಂದರೆ ಡಿಫೆನ್ಸಿನವನು.

ಇಲ್ಲಿಗೆ ನಿಲ್ಲಿಸಿದರೆ ನನ್ನ ಪಕ್ಷ ಗೆದ್ದ ಹಾಗೆ. ಆದರೆ ಮುಂದಿನ ವರ್ಷದ್ದನ್ನೂ ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ.

2015ರ ಫೆಬ್ರವರಿ 1, ಅರಿಜೋನಾದ ಗ್ಲೆಂಡೇಲ್. ಎದುರಿಗೆ ಬ್ರೇಡಿ. ಆಟದ ನಾಲ್ಕು ಕ್ವಾರ್ಟರಿನಲ್ಲಿ ಮೂರು ಮುಗಿದಾಗ ನಾವು 24, ಅವರು 14. ಕೊನೆಯ ಕ್ವಾರ್ಟರಿನಲ್ಲಿ ಹತ್ತು ಅಂಕದ ಮುನ್ನಡೆ, ಜಗತ್ತಿನ ಅತ್ಯುತ್ತಮ ಡಿಫೆನ್ಸ್. ಬ್ರೇಡಿ ಎರಡು ಸಲ ಚೆಂಡು ತಗೊಂಡು ಬಂದ, ಎರಡು ಸಲವೂ ಟಚ್‌ಡೌನ್. 28-24. ಇದು ಗೋಲಿಸೋಡಾ ಪಕ್ಷಕ್ಕೆ ಸಾಕ್ಷಿ. ಆದರೆ ತಡೀರಿ. ಅಷ್ಟರಲ್ಲಿ ನಮ್ಮಲ್ಲಿ ಯಾರು ಮೈದಾನದಲ್ಲಿ ಇರಲಿಲ್ಲ ನೋಡಿ. ಜೆರೆಮಿ ಲೇನ್ ಮೊದಲೇ ಕೈ ಮುರಿದುಕೊಂಡಿದ್ದ. ಮುಂದಿನ ಸಾಲಿನಿಂದ ನುಗ್ಗುತ್ತಿದ್ದ ಕ್ಲಿಫ್ ಏವ್ರಿಲ್ ಮೂರನೇ ಕ್ವಾರ್ಟರಿನಲ್ಲಿ ತಲೆಗೆ ಪೆಟ್ಟು ಬಿದ್ದು ಹೊರಗೆ ಹೋದ. ಏವ್ರಿಲ್ ಹೋದ ಮೇಲೆ ಬ್ರೇಡಿಗೆ ಚೆಂಡು ಹಿಡಿದು ನಿಂತು ಕಾಫಿ ಕುಡಿಯುವಷ್ಟು ಸಮಯ ಸಿಕ್ಕಿತು. ಹಿಂದೆ ಕಾಯುವವರು ಎಷ್ಟೇ ಗಟ್ಟಿ ಇದ್ದರೂ ಅಷ್ಟು ಹೊತ್ತು ಯಾರನ್ನೂ ಕಾಯಲು ಆಗುವುದಿಲ್ಲ.

ಆಮೇಲೆ ಆಗಿದ್ದು ಎಲ್ಲರಿಗೂ ಗೊತ್ತು. ನಾವು ಅವರ ಒಂದು ಯಾರ್ಡ್ ಗೆರೆಗೆ ಬಂದೆವು. ಮಾರ್ಶಾನ್ ಲಿಂಚ್ ಕೈಗೆ ಚೆಂಡು ಕೊಟ್ಟಿದ್ದರೆ ಹೊಟ್ಟೆ ಮೇಲೆ ಬಿದ್ದಾದರೂ ದಾಟುತ್ತಿದ್ದ. ಎಸೆದರು. ಮಾಲ್ಕಮ್ ಬಟ್ಲರ್ ಅನ್ನುವ, ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ) ಯಾರಿಗೂ ಬೇಡವಾಗಿದ್ದ ಹೊಸ ಹುಡುಗ ನಡುವೆ ನುಗ್ಗಿ ಹಿಡಿದುಬಿಟ್ಟ. ಈಗ ಹೇಳಿ, ಆ ಕಪ್ ಗೆದ್ದುಕೊಟ್ಟಿದ್ದು ಬ್ರೇಡಿಯಾ, ಬಟ್ಲರಾ? ಹತ್ತು ವರ್ಷವಾಯಿತು, ನನಗೆ ಇನ್ನೂ ಗೊತ್ತಾಗಿಲ್ಲ. ಕಾರಿನ ಹಿಂದೆ ಅಂಟಿಸಿದ್ದ ಸ್ಟಿಕ್ಕರ್ ಆ ವಾರ ತೆಗೆದೆ, ಗೋಂದಿನ ಗುರುತು ಇನ್ನೂ ಇದೆ.

ಗೋಲಿಸೋಡಾ:
ಅಕ್ಕಾ, ಆಟದ ಶ್ರೇಷ್ಠ ಆಟಗಾರ ಪ್ರಶಸ್ತಿ ಬ್ರೇಡಿಗೆ ಹೋಯಿತು. ದಾಖಲೆಗೆ ಇರಲಿ ಅಂತ ಹೇಳಿದೆ.

ಸೋನೆಮಳೆ_ಸಿಯಾಟಲ್:
ಗೊತ್ತಪ್ಪಾ. ಬಹುಮಾನವಾಗಿ ಬಂದ ಪಿಕಪ್ ಟ್ರಕ್ಕನ್ನು ಬ್ರೇಡಿ ಬಟ್ಲರ್‌ಗೇ ಕೊಟ್ಟ. ಅದೂ ದಾಖಲೆಗೆ ಇರಲಿ.

ಲೆಕ್ಕದ_ಮೇಷ್ಟ್ರು:
ಎಲ್ಲರೂ ಮೈದಾನ ನೋಡುತ್ತಿದ್ದೀರಿ, ಸಂಬಳದ ಪಟ್ಟಿ ಯಾರೂ ನೋಡುತ್ತಿಲ್ಲ.

1994ರಿಂದ ಈ ಲೀಗಿನಲ್ಲಿ ಸ್ಯಾಲರಿ ಕ್ಯಾಪ್ ಇದೆ. ಒಂದು ತಂಡ ಆಟಗಾರರ ಮೇಲೆ ಇಷ್ಟೇ ಖರ್ಚು ಮಾಡಬೇಕು ಅಂತ ಮಿತಿ. 2024ರ ಸೀಸನ್‌ಗೆ ಅದು 25.54 ಕೋಟಿ ಡಾಲರ್. 53 ಜನರ ತಂಡ. ಡಲ್ಲಾಸ್ ಕೌಬಾಯ್ಸ್ ತಂಡದ ಡ್ಯಾಕ್ ಪ್ರೆಸ್ಕಾಟ್ 2024ರಲ್ಲಿ ವರ್ಷಕ್ಕೆ 6 ಕೋಟಿ ಡಾಲರ್ ಲೆಕ್ಕದಲ್ಲಿ ಸಹಿ ಹಾಕಿದ. ಮನೆ ಖರ್ಚಿನ ಕಾಲು ಭಾಗ ಒಬ್ಬನ ಊಟಕ್ಕೆ ಹೋದರೆ ಉಳಿದವರು ಏನು ತಿನ್ನುತ್ತಾರೆ? ಲೆಕ್ಕಪತ್ರದಲ್ಲಿ ಅದನ್ನು ಮುಂದಿನ ವರ್ಷಗಳಿಗೆ ತಳ್ಳುವ ಉಪಾಯಗಳಿವೆ, ಒಪ್ಪುತ್ತೇನೆ. ಆದರೆ ಸಾಲ ಸಾಲವೇ.

ಈಗ ಅಕ್ಕನ ಸಿಯಾಟಲ್ ತಂಡ ನೋಡಿ. ರಸೆಲ್ ವಿಲ್ಸನ್ 2012ರ ಡ್ರಾಫ್ಟಿನಲ್ಲಿ ಮೂರನೇ ಸುತ್ತಿನಲ್ಲಿ ಸಿಕ್ಕವನು, 75ನೆಯವನು. 2011ರ ಒಪ್ಪಂದದ ಪ್ರಕಾರ ಹೊಸ ಹುಡುಗರ ಸಂಬಳಕ್ಕೆ ಕಟ್ಟುನಿಟ್ಟಾದ ಮಿತಿ ಬಂದಿತ್ತು. ಕಪ್ ಗೆದ್ದ ವರ್ಷ ಅವನಿಗೆ ಕೊಟ್ಟಿದ್ದು ಹತ್ತು ಲಕ್ಷ ಡಾಲರಿಗೂ ಕಡಿಮೆ. ಉಳಿದ ದುಡ್ಡೆಲ್ಲ ಎಲ್ಲಿಗೆ ಹೋಯಿತು? ಕ್ಲಿಫ್ ಏವ್ರಿಲ್, ಮೈಕಲ್ ಬೆನೆಟ್ ಥರ ಮುಂದಿನ ಸಾಲಿನವರನ್ನು ತರಲು. 2015ರಲ್ಲಿ ವಿಲ್ಸನ್‌ಗೆ ನಾಲ್ಕು ವರ್ಷಕ್ಕೆ 8.76 ಕೋಟಿ ಡಾಲರ್ ಕೊಟ್ಟರು. ಆಮೇಲೆ ಅವನು ಇದ್ದಷ್ಟು ವರ್ಷವೂ ಸಿಯಾಟಲ್ ಸೂಪರ್ ಬೌಲ್ ಮುಖ ನೋಡಲಿಲ್ಲ. ಲೀಜನ್ ಆಫ್ ಬೂಮ್ ಒಬ್ಬೊಬ್ಬರಾಗಿ ಗಾಯ, ವಯಸ್ಸು, ಜಗಳ ಅಂತ ಚದುರಿಹೋಯಿತು. ವಿಲ್ಸನ್ ಮಾತ್ರ ಮೊದಲಿಗಿಂತ ಚೆನ್ನಾಗಿ ಎಸೆಯುತ್ತಿದ್ದ. ಕಪ್ ಬರಲಿಲ್ಲ.

ಇದಕ್ಕಿಂತ ದೊಡ್ಡ ಕಥೆ ಡ್ರೂ ಬ್ರೀಸ್‌ದು. ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದಲ್ಲಿ ಐದು ಸಲ 5,000 ಯಾರ್ಡ್ ದಾಟಿದ ಮನುಷ್ಯ. 2012ರಲ್ಲಿ ಅವನು 5,177 ಯಾರ್ಡ್ ಎಸೆದ. ಅದೇ ವರ್ಷ ಅವನ ತಂಡದ ಡಿಫೆನ್ಸ್ 7,042 ಯಾರ್ಡ್ ಬಿಟ್ಟುಕೊಟ್ಟಿತು. ಯಾವ ತಂಡವೂ ಒಂದು ಸೀಸನ್‌ನಲ್ಲಿ ಅಷ್ಟು ಕೊಟ್ಟಿರಲಿಲ್ಲ. ಫಲ 7 ಗೆಲುವು, 9 ಸೋಲು. 2014ರಲ್ಲಿ 7-9. 2015ರಲ್ಲಿ 7-9. 2016ರಲ್ಲೂ 7-9. ಒಲೆಯ ಮೇಲೆ ಹಾಲಿಡುತ್ತಲೇ ಇದ್ದ, ಪಾತ್ರೆಯ ತಳ ತೂತು. ಅವನ ಒಂದೇ ಒಂದು ಕಪ್ 2009ರ ಸೀಸನ್‌ದು. ಅದರಲ್ಲೂ ಆಟ ಮುಗಿಸಿದ್ದು ಡಿಫೆನ್ಸಿನ ಟ್ರೇಸಿ ಪೋರ್ಟರ್, ಪೇಟನ್ ಮ್ಯಾನಿಂಗ್ ಎಸೆದ ಚೆಂಡು ಕಸಿದು ಓಡಿ.

ಡ್ಯಾನ್ ಮರೀನೊ ಹೆಸರು ಹಳಬರಿಗೆ ಗೊತ್ತಿರುತ್ತದೆ. 1984ರಲ್ಲೇ 5,084 ಯಾರ್ಡ್, 48 ಟಚ್‌ಡೌನ್. ಆ ವರ್ಷ ಸೂಪರ್ ಬೌಲ್ ಸೋತ. ಮತ್ತೆ ಯಾವತ್ತೂ ಅಲ್ಲಿಗೆ ಹೋಗಲಿಲ್ಲ.

ಐದುಗಂಟೆ_ಅಲಾರಂ:
ಮೇಷ್ಟ್ರೇ, ಈಗ ಅರ್ಥವಾಯಿತು. ಇದು ನಮ್ಮ ಆರ್‌ಸಿಬಿ ಕಥೆಯೇ! ಕೊಹ್ಲಿ, ಗೇಲ್, ಎಬಿಡಿ ಮೂವರೂ ಒಟ್ಟಿಗಿದ್ದಾಗಲೂ ಕಪ್ ಬರಲಿಲ್ಲ. 2016ರಲ್ಲಿ ಕೊಹ್ಲಿ ಒಬ್ಬನೇ 973 ರನ್ ಹೊಡೆದ. ಫೈನಲ್ಲಿನಲ್ಲಿ ಭುವನೇಶ್ವರ್ ಇದ್ದ ಹೈದರಾಬಾದ್ ಎದುರು 8 ರನ್ನಿನಿಂದ ಸೋತೆವು. ಮೊದಲು ಕಪ್ ತಂದಿದ್ದು ನಮ್ಮ ಹುಡುಗಿಯರು, 2024ರಲ್ಲಿ. ಅದೂ ಹೇಗೆ? ವಿಕೆಟ್ ಇಲ್ಲದೆ 64 ಹೊಡೆದಿದ್ದ ಡೆಲ್ಲಿಯನ್ನು 113ಕ್ಕೆ ಮಡಚಿ. ನಮ್ಮ ಶ್ರೇಯಾಂಕಾ ಪಾಟೀಲ್ 4 ವಿಕೆಟ್. ಬೌಲಿಂಗ್ ಸಾರ್, ಬೌಲಿಂಗ್.

ಬಜ್ಪೆ_ಟು_ಬಫಲೋ:
ಬಿಲ್ಸ್ ಮತ್ತು ಆರ್‌ಸಿಬಿ ಎರಡೂ ನನ್ನ ತಂಡ. ನನ್ನ ಜಾತಕ ಯಾರಾದರೂ ನೋಡಿ.

ಮೂರನೇ_ಅಂಪೈರ್:
ಕ್ರಿಕೆಟ್ಟಿಗೆ ಬೇರೆ ಎಳೆ ಇದೆ. ಅಲ್ಲಿ ಈಗಾಗಲೇ ನಾಲ್ಕು ಸಾವಿರ ಸಂದೇಶ ಇವೆ. ಇಲ್ಲಿಗೆ ತರಬೇಡಿ, ದಯವಿಟ್ಟು.

ಗೋಲಿಸೋಡಾ:
ಮೇಷ್ಟ್ರೇ, ನಿಮ್ಮ ಲೆಕ್ಕ ಮಹೋಮ್ಸ್ ಹತ್ತಿರ ನಡೆಯುವುದಿಲ್ಲ. ಮೊದಲ ಕಪ್ ಅಗ್ಗದ ಸಂಬಳದಲ್ಲಿ ಬಂತು, ನಿಜ. 2020ರಲ್ಲಿ ಹತ್ತು ವರ್ಷಕ್ಕೆ 45 ಕೋಟಿ ಡಾಲರ್ ಒಪ್ಪಂದ ಆಯಿತು. ಆಮೇಲೆ ಇನ್ನೂ ಎರಡು ಗೆದ್ದ. ಟೈರೀಕ್ ಹಿಲ್‌ನಂಥ ಆಟಗಾರನನ್ನು 2022ರಲ್ಲಿ ಮಾರಿಬಿಟ್ಟರು, ಆದರೂ ಗೆದ್ದ.

ಲೆಕ್ಕದ_ಮೇಷ್ಟ್ರು:
ಹಿಲ್‌ನನ್ನು ಯಾಕೆ ಕಳಿಸಿದರು ತಮ್ಮಾ? ದುಡ್ಡು ಉಳಿಸಲು. ಬದಲಿಗೆ ಬಂದ ಡ್ರಾಫ್ಟ್ ಅವಕಾಶಗಳಲ್ಲಿ ಏನು ಮಾಡಿದರು? ಡಿಫೆನ್ಸಿಗೆ ಹುಡುಗರನ್ನು ತಂದರು. ಟ್ರೆಂಟ್ ಮೆಕ್‌ಡಫಿ ಆ ವರ್ಷವೇ ಬಂದವನು. 2023ರ ಸೀಸನ್‌ನಲ್ಲಿ ಚೀಫ್ಸ್ ಡಿಫೆನ್ಸ್ ಕಡಿಮೆ ಅಂಕ ಕೊಡುವುದರಲ್ಲಿ ಲೀಗಿಗೆ ಎರಡನೆಯದು. ಬಾಲ್ಟಿಮೋರ್ ವಿರುದ್ಧದ ಸೆಮಿಫೈನಲ್ ಥರದ ಆಟ ನೆನಪಿದೆಯಾ? 17-10. ಎರಡನೇ ಅರ್ಧದಲ್ಲಿ ನಿನ್ನ ಮಹೋಮ್ಸ್ ಒಂದು ಅಂಕವನ್ನೂ ಗಳಿಸಲಿಲ್ಲ. ಎದುರಿಗಿದ್ದವನು ಆ ವರ್ಷದ ಲೀಗಿನ ಶ್ರೇಷ್ಠ ಆಟಗಾರ ಲಮಾರ್ ಜ್ಯಾಕ್ಸನ್.

ಫ್ರೀಮಾಂಟ್_ಫಿಲ್ಟರ್‌ಕಾಫಿ:
ಮೇಷ್ಟ್ರು ಒಂದು ಹೆಸರು ಬಿಟ್ಟರು. ಸ್ಟೀವ್ ಸ್ಪಾಗ್ನುವೊಲೊ. 2008ರ ಫೆಬ್ರವರಿಯಲ್ಲಿ 18 ಆಟ ಗೆದ್ದು ಒಂದೂ ಸೋಲದೆ ಬಂದಿದ್ದ ಬ್ರೇಡಿ ತಂಡವನ್ನು ಜೈಂಟ್ಸ್ 17-14ಕ್ಕೆ ಕೆಡವಿತಲ್ಲ, ಆಗ ಆ ಡಿಫೆನ್ಸಿನ ಕೋಚ್ ಇವನೇ. ಆ ಸೀಸನ್‌ನಲ್ಲಿ ಬ್ರೇಡಿ 50 ಟಚ್‌ಡೌನ್ ಎಸೆದಿದ್ದ. ಆವತ್ತು ಐದು ಸಲ ಸ್ಯಾಕ್. ಮಹೋಮ್ಸ್ ಗೆದ್ದ ಮೂರೂ ಕಪ್ಪಿನಲ್ಲಿ ಚೀಫ್ಸ್ ಡಿಫೆನ್ಸ್ ನೋಡಿಕೊಂಡವನೂ ಇವನೇ. ಜಾಹೀರಾತಿನಲ್ಲಿ ಅವನ ಮುಖ ಯಾರೂ ಹಾಕುವುದಿಲ್ಲ.

ಇನ್ನು ನನ್ನ ಕಣ್ಣಾರೆ ಕಂಡಿದ್ದು. 2016ರ ಸೂಪರ್ ಬೌಲ್ ನಮ್ಮ ಪಕ್ಕದ ಸಾಂಟಾ ಕ್ಲಾರಾದಲ್ಲೇ ಆಯಿತು. ಟಿಕೆಟ್ ಬೆಲೆ ಕೇಳಿ ನಕ್ಕು ಮನೆಗೆ ಬಂದು ಟಿವಿಯಲ್ಲಿ ನೋಡಿದೆ, ಆ ಮಾತು ಬೇರೆ. ಎರಡು ವರ್ಷ ಹಿಂದೆ ಸೀಹಾಕ್ಸ್ ಕೈಯಲ್ಲಿ ಪೆಟ್ಟು ತಿಂದಿದ್ದ ಅದೇ ಪೇಟನ್ ಮ್ಯಾನಿಂಗ್. ಈಗ ವಯಸ್ಸು 39. ಆ ಸೀಸನ್‌ನಲ್ಲಿ 9 ಟಚ್‌ಡೌನ್, 17 ಇಂಟರ್‌ಸೆಪ್ಷನ್. ತೋಳಿನಲ್ಲಿ ಶಕ್ತಿಯೇ ಉಳಿದಿರಲಿಲ್ಲ. ಎದುರಿಗೆ ಆ ವರ್ಷದ ಶ್ರೇಷ್ಠ ಆಟಗಾರ ಕ್ಯಾಮ್ ನ್ಯೂಟನ್, 500 ಅಂಕ ಗಳಿಸಿದ್ದ ಪ್ಯಾಂಥರ್ಸ್. ಡೆನ್ವರ್ ಡಿಫೆನ್ಸಿನ ವಾನ್ ಮಿಲ್ಲರ್ ಎರಡು ಸಲ ನ್ಯೂಟನ್ ಕೈಯಿಂದ ಚೆಂಡು ಕಿತ್ತು ಬೀಳಿಸಿದ. ಎರಡೂ ಸಲ ಅದರಿಂದ ಡೆನ್ವರ್‌ಗೆ ಟಚ್‌ಡೌನ್. ಡೆನ್ವರ್ ಆಫೆನ್ಸ್ ಇಡೀ ಆಟದಲ್ಲಿ ಮಾಡಿದ್ದು 194 ಯಾರ್ಡ್. ಅಷ್ಟು ಕಡಿಮೆ ಮಾಡಿ ಸೂಪರ್ ಬೌಲ್ ಗೆದ್ದ ತಂಡ ಅದಕ್ಕೆ ಮುಂಚೆ ಇರಲಿಲ್ಲ. 24-10.

ಅಂದರೆ 55 ಟಚ್‌ಡೌನ್ ಎಸೆದ ವರ್ಷ 43-8 ಸೋಲು, 9 ಎಸೆದ ವರ್ಷ ಕಪ್. ಮನುಷ್ಯ ಅವನೇ, ತಂಡ ಅದೇ.

ಇಷ್ಟು ಹೇಳಿ ಸುಮ್ನೆ ಇರಬೇಕಿತ್ತು. ಆದರೆ ಸೋನೆಮಳೆ ಅಕ್ಕ ತಮ್ಮ ಗಾಯ ತೋರಿಸಿದ ಮೇಲೆ ನಾನು ನನ್ನದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. 2023ರ ಜನವರಿ, ಫಿಲಡೆಲ್ಫಿಯಾ. ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ನೈನರ್ಸ್ ತಂಡದ ಡಿಫೆನ್ಸ್ ಆ ವರ್ಷ ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟಿತ್ತು. ಗೆದ್ದರೆ ಸೂಪರ್ ಬೌಲ್. ಮೊದಲನೇ ಸರದಿಯಲ್ಲೇ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಮೊಣಕೈಗೆ ಪೆಟ್ಟು. ಬದಲಿಗೆ ಬಂದ ಜಾಶ್ ಜಾನ್ಸನ್ ತಲೆಗೆ ಪೆಟ್ಟಾಗಿ ಅವನೂ ಹೊರಗೆ. ಎಸೆಯಲು ಆಗದ ಪರ್ಡಿಯನ್ನೇ ಮತ್ತೆ ಕಳಿಸಿದರು. 31-7. ಡಿಫೆನ್ಸ್ ಪಾಪ ಓಡಿ ಓಡಿ ಸುಸ್ತಾಯಿತು. ಪರ್ಡಿ ಡ್ರಾಫ್ಟಿನ ಕಟ್ಟಕಡೆಯ ಹುಡುಗ, 262ನೆಯವನು, ಸ್ಟಾರ್ ಏನಲ್ಲ. ಆದರೂ ಅವನಿಲ್ಲದೆ ನಾವು ಸೊನ್ನೆ. ಸ್ಟಾರ್ ಬೇಡದಿರಬಹುದು, ಎಸೆಯಲು ಒಂದು ಕೈಯಾದರೂ ಬೇಕು.

ಹುಬ್ಬಳ್ಳಿ_ಹೂಸ್ಟನ್:
ಅಲ್ರೀ, ಎಲ್ಲರೂ 2000ದ ಈಚೆಗೆ ಮಾತಾಡುತ್ತಿದ್ದೀರಿ. ಕಪ್ ಗೆಲ್ಲಿಸೋದು ಡಿಫೆನ್ಸ್ ಅನ್ನುವ ಗಾದೆ ಹುಟ್ಟಿದ ಕಾಲ ಬೇರೆ, ನಿಯಮ ಬೇರೆ.

1970ರ ದಶಕದಲ್ಲಿ ಚೆಂಡು ಹಿಡಿಯಲು ಓಡುವವನನ್ನು ದಾರಿಯುದ್ದಕ್ಕೂ ಗುದ್ದಬಹುದಿತ್ತು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮೆಲ್ ಬ್ಲೌಂಟ್ ಎಷ್ಟು ಗುದ್ದುತ್ತಿದ್ದ ಅಂದರೆ 1978ರಲ್ಲಿ ಬಂದ ಹೊಸ ನಿಯಮಕ್ಕೆ ಜನ ಅವನ ಹೆಸರನ್ನೇ ಇಟ್ಟರು. ಐದು ಯಾರ್ಡ್ ಆದ ಮೇಲೆ ಮುಟ್ಟುವಂತಿಲ್ಲ. ಅದೇ ವರ್ಷ ಕ್ವಾರ್ಟರ್‌ಬ್ಯಾಕನ್ನು ಕಾಯುವವರಿಗೆ ಕೈ ಚಾಚಿ ತಳ್ಳಲು ಅವಕಾಶ ಕೊಟ್ಟರು. ಮಜಾ ನೋಡ್ರಿ, ಅದೇ ಸ್ಟೀಲರ್ಸ್ ಅದಕ್ಕೂ ಮೊದಲು ಡಿಫೆನ್ಸ್ ಬಲದಿಂದ ಎರಡು ಕಪ್ ಗೆದ್ದಿತ್ತು. ನಿಯಮ ಬದಲಾದ ವರ್ಷ ಟೆರಿ ಬ್ರಾಡ್‌ಶಾ ಸೂಪರ್ ಬೌಲಿನಲ್ಲಿ ನಾಲ್ಕು ಟಚ್‌ಡೌನ್ ಎಸೆದು 35-31 ಗೆದ್ದ. ಗಾಳಿ ಬಂದ ಕಡೆ ತೂರಿಕೊಂಡರು.

ಡಿಫೆನ್ಸೇ ಎಲ್ಲ ಅನ್ನುವವರು 2000ದ ಬಾಲ್ಟಿಮೋರ್ ರೇವನ್ಸ್ ಹೆಸರು ಹೇಳುತ್ತಾರೆ. ಸರಿ. 16 ಆಟದಲ್ಲಿ ಕೊಟ್ಟಿದ್ದು 165 ಅಂಕ. ಆ ಅಕ್ಟೋಬರಿನಲ್ಲಿ ಐದು ಆಟ ಸಾಲಾಗಿ ಅವರ ಆಫೆನ್ಸ್ ಒಂದು ಟಚ್‌ಡೌನ್ ಮಾಡಲಿಲ್ಲ, ಆದರೂ ಅದರಲ್ಲಿ ಎರಡು ಗೆದ್ದರು! ಕಪ್ ಗೆದ್ದ ಮೇಲೆ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಡಿಲ್ಫರ್‌ನನ್ನು ಮನೆಗೆ ಕಳಿಸಿದರು. ಕಪ್ ತಂದವನಿಗೇ ಅಲ್ಲಿ ಕೆಲಸ ಉಳಿಯಲಿಲ್ಲ. ಆದರೆ ಅಂಥ ತಂಡ ಎಷ್ಟು ಬಂದಿವೆ? 1985ರ ಬೇರ್ಸ್, 2000ದ ರೇವನ್ಸ್, 2002ರ ಬಕನೀರ್ಸ್, ನಿಮ್ಮ 2013ರ ಸಿಯಾಟಲ್, 2015ರ ಡೆನ್ವರ್. ಬೆರಳೆಣಿಕೆ. ಅಂಥ ಡಿಫೆನ್ಸ್ ಒಂದೆರಡು ವರ್ಷ ಇರುತ್ತದೆ, ಚದುರುತ್ತದೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಸಿಕ್ಕರೆ ಹದಿನೈದು ವರ್ಷ. ನಾನು ತಂಡದ ಮಾಲೀಕನಾಗಿದ್ದರೆ ಯಾವುದಕ್ಕೆ ದುಡ್ಡು ಹಾಕುತ್ತೇನೆ ನೀವೇ ಹೇಳಿ.

ಸೋನೆಮಳೆ_ಸಿಯಾಟಲ್:
ಹುಬ್ಬಳ್ಳಿಯವರ ಮಾತು ತೂಕದ್ದು. ಪ್ರತಿ ವರ್ಷ ಪ್ಲೇಆಫ್ ಮುಟ್ಟಬೇಕಾದರೆ ಕ್ವಾರ್ಟರ್‌ಬ್ಯಾಕ್ ಬೇಕು, ಅದನ್ನು ಒಪ್ಪುತ್ತೇನೆ.

ಆದರೆ ನೀವೆಲ್ಲ ಹೇಳಿದ ಆಟಗಳನ್ನೇ ಪಕ್ಕಪಕ್ಕ ಇಟ್ಟು ನೋಡಿ. 2008ರ ಜೈಂಟ್ಸ್. 2016ರ ಡೆನ್ವರ್. 2021ರಲ್ಲಿ ಮಹೋಮ್ಸ್ ಒಂದು ಟಚ್‌ಡೌನನ್ನೂ ಮಾಡಲಾಗದೆ ಬ್ರೇಡಿಯ ಬಕನೀರ್ಸ್‌ಗೆ 31-9 ಸೋತ ಆಟ. ಆವತ್ತು ಅವನನ್ನು ಕಾಯುವ ಎರಡೂ ತುದಿಯ ಆಟಗಾರರು ಗಾಯವಾಗಿ ಮನೆಯಲ್ಲಿದ್ದರು. ಈ ಭಾನುವಾರ. ಎಲ್ಲದರಲ್ಲೂ ಒಂದೇ ಕಥೆ. ಮುಂದಿನ ನಾಲ್ಕು ಜನ ಕ್ವಾರ್ಟರ್‌ಬ್ಯಾಕನ್ನು ಮುಟ್ಟಿದರಾ, ಇಲ್ಲವಾ. ಗೋಲಿಸೋಡಾ ಹೇಳಿದ ಸೊನ್ನೆ ಸ್ಯಾಕಿನ ಆಟದಲ್ಲಿ ಮುಟ್ಟಲಿಲ್ಲ, ಸೋತರು. ಬಜ್ಪೆಯವರ 13 ಸೆಕೆಂಡಿನಲ್ಲೂ ಮುಟ್ಟಲಿಲ್ಲ. ನಮ್ಮಲ್ಲಿ ಏವ್ರಿಲ್ ಹೋದ ಮೇಲೆ ಮುಟ್ಟಲಿಲ್ಲ. ‘ಡಿಫೆನ್ಸ್’ ಅಂತ ಹನ್ನೊಂದು ಜನರನ್ನು ಒಂದೇ ಮೂಟೆ ಕಟ್ಟುವುದೇ ತಪ್ಪು ಅಂತ ನನಗೆ ಅನ್ನಿಸುತ್ತದೆ.

ಗೋಲಿಸೋಡಾ:
ಮುಂದಿನ ನಾಲ್ಕು ಜನರ ಮಾತು ಒಪ್ಪಿದೆ ಅಕ್ಕಾ. ಹಾಗಾದರೆ ಮಹೋಮ್ಸ್ ತಪ್ಪಿಲ್ಲ, ಅವನನ್ನು ಕಾಯುವ ಐದು ಜನರ ತಪ್ಪು. ನಾನು ಗೆದ್ದೆ.

ಫ್ರೀಮಾಂಟ್_ಫಿಲ್ಟರ್‌ಕಾಫಿ:
ಮುಂದಿನ ಸಲ ಬಜ್ಜಿ ನೀನೇ ಕರಿದುಕೊಂಡು ಬಾ.

ಐದುಗಂಟೆ_ಅಲಾರಂ:
ಸೋನೆಮಳೆ ಮೇಡಂ, ನೀವು ಹೇಳಿದ 2015ರ ಆಟದ ಕೊನೆಯ ಭಾಗ ಹುಡುಕಿ ನೋಡಿದೆ. ಮಗ ವಿಡಿಯೋ ಕಾಲಿನಲ್ಲಿ ಅಲ್ಲಿಂದ, ನಾನು ಇಲ್ಲಿಂದ. ಬಟ್ಲರ್ ಹಿಡಿದಿದ್ದನ್ನು ನಾಲ್ಕು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ನನಗೆ ಒಂದು ಅನುಮಾನ. ಬಟ್ಲರ್ ಮುಂದೆ ಇನ್ನೊಬ್ಬ ಎತ್ತರದ ಆಟಗಾರ ಇದ್ದಾನೆ. ನಿಮ್ಮ ಕಡೆಯ ಒಬ್ಬನನ್ನು ಶುರುವಿನಲ್ಲೇ ಎದೆಗೆ ಕೈ ಕೊಟ್ಟು ಅಲ್ಲೇ ನಿಲ್ಲಿಸಿಬಿಟ್ಟ. ಆ ನಿಮ್ಮವನು ಮುಂದೆ ನುಗ್ಗಿದ್ದರೆ ಬಟ್ಲರ್‌ಗೆ ದಾರಿಯೇ ಸಿಗುತ್ತಿರಲಿಲ್ಲ ಅಲ್ವಾ? ಆ ಎತ್ತರದವನು ಯಾರು? ಅವನ ಹೆಸರನ್ನು ಯಾರೂ ಹೇಳುವುದೇ ಇಲ್ಲ.

ಸೋನೆಮಳೆ_ಸಿಯಾಟಲ್:
ಒಂದು ವರ್ಷದಿಂದ ನೋಡುತ್ತಿದ್ದೀರಿ ಅಂದಿರಿ, ನಿಮ್ಮ ಕಣ್ಣು ಚುರುಕಾಗಿದೆ ಸಾರ್. ಅವನು ಬ್ರ್ಯಾಂಡನ್ ಬ್ರೌನರ್. ಅವನು ನಿಲ್ಲಿಸಿದ್ದು ನಮ್ಮ ಜರ್ಮೇನ್ ಕರ್ಸ್‌ನನ್ನು. ನೀವು ಅಂದಿದ್ದು ಸರಿ, ಅವನಿಲ್ಲದೆ ಬಟ್ಲರ್ ಇಲ್ಲ.

ಆ ಬ್ರೌನರ್ ಅದರ ಹಿಂದಿನ ಸೀಸನ್‌ವರೆಗೂ ನಮ್ಮ ತಂಡದವನೇ. ಲೀಜನ್ ಆಫ್ ಬೂಮ್ ಶುರುವಾದಾಗಿನ ನಾಲ್ವರಲ್ಲಿ ಒಬ್ಬ. ಮೇಲೆ ಹೆಸರುಗಳ ಪಟ್ಟಿ ಕೊಟ್ಟಾಗ ಅವನದನ್ನು ನಾನು ಬೇಕಂತಲೇ ಬಿಟ್ಟಿದ್ದೆ.